ಆ ಒಂದು ಫ್ರೀ ಕಿಕ್‌ನಿಂದಲೇ ಬೆಂಗಳೂರು ಎಫ್‌ಸಿ ಫೈನಲ್‌ಗೆ ಹೋಯ್ತಾ?

ಪ್ರಶ್ನೆ: ಸರ್, ನಮ್ದು ಕೊಡಗಿನ ಸಿದ್ದಾಪುರ ಹತ್ರ. ಮನೇಲಿ ನಾನು ಬೆಂಗಳೂರು ಎಫ್‌ಸಿ, ಅಕ್ಕನ ಗಂಡ ಕೇರಳದ ಇರಿಟ್ಟಿ ಕಡೆಯವರು, ಪಕ್ಕಾ ಕೇರಳ ಬ್ಲಾಸ್ಟರ್ಸ್. 2022-23ರ ಐಎಸ್‌ಎಲ್ ಫುಟ್‌ಬಾಲ್ ಲೀಗ್ ಮಾತು ಬಂದ್ರೆ ಸಾಕು, "ನಿಮ್ಮ ಟೀಮ್ ಫೈನಲ್‌ಗೆ ಹೋಗಿದ್ದೇ ಆ ಕದ್ದ ಫ್ರೀ ಕಿಕ್‌ನಿಂದ" ಅಂತಾರೆ. ನಮ್ಮ ಅಜ್ಜ ಹಾಕಿ ಆಡಿದವರು, ಅವರೂ ವಿಸಲ್ ಹೊಡೀದೆ ಅದು ಹೆಂಗೆ ಗೋಲಾಗುತ್ತೆ ಅಂತ ಕೇಳ್ತಾರೆ. ಆ ಗೋಲು ಸರೀನಾ? ಡಿಸೆಂಬರ್‌ವರೆಗೂ ಸೋಲ್ತಾನೇ ಇದ್ದ ಟೀಮ್ ಆಮೇಲೆ ಹೇಗೆ ಬದಲಾಯ್ತು? ಸ್ವಲ್ಪ ಡೀಟೇಲಾಗಿ ಹೇಳ್ತೀರಾ?

ಉತ್ತರ: ಹೇಳ್ತೀನಿ, ಆದ್ರೆ ನಿಮ್ಮ ಭಾವ ಶುರು ಮಾಡಿದ ಜಾಗದಿಂದ ಅಲ್ಲ. ಆ ಫ್ರೀ ಕಿಕ್ ಮಾರ್ಚ್ 3ನೇ ತಾರೀಕು ಬ್ಲಾಸ್ಟರ್ಸ್ ಮೇಲಿನ ನಾಕೌಟ್ ಮ್ಯಾಚಿಂದು, ಸೀಸನ್ ಶುರುವಾಗಿದ್ದು ಅಕ್ಟೋಬರ್‌ನಲ್ಲಿ. ಜನವರಿ ಫೆಬ್ರವರಿ ಅಂದ್ರೆ ನಮ್ಮ ಕಡೆ ರೋಬಸ್ಟಾ ಕುಯ್ಲು, ಬೆಳಗ್ಗೆ ತೋಟಕ್ಕೆ ಹೋದವರು ಸಂಜೆ ಕಣದಲ್ಲಿ ಕಾಫಿ ಹರವಿ, ಮೂಟೆ ಲೆಕ್ಕ ಮುಗಿಸಿ ಮನೆ ಸೇರೋ ಹೊತ್ತಿಗೆ ಟಿವಿ ಮುಂದೆ ಕೂರೋ ಶಕ್ತಿ ಯಾರಿಗಿರುತ್ತೆ. ಆ ವರ್ಷ ನನಗೆ ಗೊತ್ತಿರೋ ಎಷ್ಟೋ ಜನ ಆ ಎರಡು ತಿಂಗಳ ಮ್ಯಾಚ್‌ಗಳನ್ನ ನೋಡ್ಲೇ ಇಲ್ಲ, ಕುಯ್ಲು ಮುಗಿಸ್ಕೊಂಡು ಮಾರ್ಚ್‌ನಲ್ಲಿ ಟಿವಿ ಹಾಕಿದ್ರೆ ಕಂಡಿದ್ದು ನಮ್ಮ ಸುನಿಲ್ ಛೆಟ್ರಿ ಫ್ರೀ ಕಿಕ್ಕು, ಬ್ಲಾಸ್ಟರ್ಸ್ ಗ್ರೌಂಡ್ ಬಿಟ್ಟು ಹೋಗಿದ್ದು. ಹಾಗಾಗಿ ಅವರಿಗೆ ಸೀಸನ್ ಅಂದ್ರೆ ಅದೊಂದೇ. ಆದ್ರೆ ಆ ಸೀಸನ್ನಿನ ದಿಕ್ಕು ಬದಲಾಗಿದ್ದೇ ಆ ಎರಡು ತಿಂಗಳಲ್ಲಿ.

ಮೊದಲು ಲೆಕ್ಕ ನೋಡಿ. ಆ ವರ್ಷ ಲೀಗ್‌ನಲ್ಲಿ 11 ಟೀಮು, ಒಬ್ಬೊಬ್ಬರಿಗೆ 20 ಮ್ಯಾಚು. ಡಿಸೆಂಬರ್ 30ಕ್ಕೆ ಬೆಂಗಳೂರು 12 ಮ್ಯಾಚ್ ಮುಗಿಸಿತ್ತು, ಅದರಲ್ಲಿ 3 ಗೆಲುವು, 1 ಡ್ರಾ, 8 ಸೋಲು, ಒಟ್ಟು 10 ಪಾಯಿಂಟು. ಉಳಿದ 8 ಮ್ಯಾಚಲ್ಲಿ 8ಕ್ಕೆ 8 ಗೆದ್ರು, 24 ಪಾಯಿಂಟು. ಒಟ್ಟು 34, ನಾಲ್ಕನೇ ಸ್ಥಾನ. ಮೂರನೇ ಸ್ಥಾನದ ಎಟಿಕೆ ಮೋಹನ್ ಬಗಾನ್‌ಗೂ 34 ಪಾಯಿಂಟೇ, ಐದನೇ ಸ್ಥಾನದ ಬ್ಲಾಸ್ಟರ್ಸ್‌ಗೆ 31. ಗೋಲಿನ ಲೆಕ್ಕ ಇನ್ನೂ ಚೆನ್ನಾಗಿ ಹೇಳುತ್ತೆ: ಮೊದಲ 12 ಮ್ಯಾಚಲ್ಲಿ ಹೊಡೆದಿದ್ದು ಬರೀ 8, ಹೊಡೆಸಿಕೊಂಡಿದ್ದು 17. ಕೊನೆ 8 ಮ್ಯಾಚಲ್ಲಿ ಹೊಡೆದಿದ್ದು 19, ಬಿಟ್ಟುಕೊಟ್ಟಿದ್ದು 6. ಒಂದೇ ಟೀಮು, ಒಬ್ಬನೇ ಕೋಚು.

ಆ ಕೋಚು ಸೈಮನ್ ಗ್ರೇಸನ್, ಇಂಗ್ಲೆಂಡಿನವರು. ಲೀಡ್ಸ್ ಯುನೈಟೆಡ್ ಮೂರನೇ ದರ್ಜೆ ಲೀಗ್‌ನಲ್ಲಿದ್ದಾಗ 2010ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ನ ಅವರದೇ ಗ್ರೌಂಡಲ್ಲಿ ಎಫ್‌ಎ ಕಪ್‌ನಿಂದ ಹೊರಗೆ ಹಾಕಿದ ಟೀಮಿಗೆ ಇವರೇ ಮ್ಯಾನೇಜರ್. 2022ರಲ್ಲಿ ಬೆಂಗಳೂರಿಗೆ ಬಂದ್ರು, ಜೊತೆಗೆ ರಾಯ್ ಕೃಷ್ಣ, ಸಂದೇಶ್ ಜಿಂಗಾನ್, ಪ್ರಬೀರ್ ದಾಸ್, ಹಾವಿ ಹೆರ್ನಾಂಡೆಸ್ ಇವರೆಲ್ಲ ಅದೇ ವರ್ಷ ಟೀಮ್ ಸೇರಿದ್ರು. ಸೆಪ್ಟೆಂಬರ್ 18ಕ್ಕೆ ಕೋಲ್ಕತ್ತಾದಲ್ಲಿ ಮುಂಬೈ ಸಿಟಿನ 2-1ರಲ್ಲಿ ಸೋಲಿಸಿ ಡುರಾಂಡ್ ಕಪ್ ಅನ್ನೋ ಟೂರ್ನಿ ಗೆದ್ರು, ಕ್ಲಬ್‌ಗೆ ಅದು ಮೊದಲ ಡುರಾಂಡ್. ಎಲ್ಲರೂ ಇನ್ನೇನು ಲೀಗೂ ನಮ್ದೇ ಅಂದ್ಕೊಂಡ್ವಿ.

ಆಮೇಲೆ ಶುರುವಾಯ್ತು ನೋಡಿ ಕಷ್ಟ. ಮೊದಲ ಮ್ಯಾಚು ಕಂಠೀರವದಲ್ಲಿ ನಾರ್ತ್‌ಈಸ್ಟ್ ಮೇಲೆ, ಕೊನೇಲಿ ಆಲನ್ ಕೋಸ್ಟಾ ಹೆಡ್ಡರ್‌ನಿಂದ 1-0. ಚೆನ್ನೈನಲ್ಲಿ 1-1. ಹೈದರಾಬಾದಲ್ಲಿ ಸೋಲು, ಭುವನೇಶ್ವರದಲ್ಲಿ ಸೋಲು, ಮನೇಲಿ, ಅಂದ್ರೆ ನಮ್ಮದೇ ಗ್ರೌಂಡಲ್ಲಿ, ಈಸ್ಟ್ ಬೆಂಗಾಲ್‌ಗೆ ಸೋಲು, ಮೂರೂ 0-1. ನವೆಂಬರ್ 17ಕ್ಕೆ ಮುಂಬೈನಲ್ಲಿ 0-4. ಅದರಲ್ಲೂ ಈಸ್ಟ್ ಬೆಂಗಾಲ್ ವಿಷಯ ನನಗೆ ಇವತ್ತಿಗೂ ನೋವು ಕೊಡುತ್ತೆ, ಯಾಕಂದ್ರೆ ಹಿಂದಿನ ಸೀಸನ್‌ವರೆಗೆ ನಮ್ಮಲ್ಲೇ ಇದ್ದ ಬ್ರೆಜಿಲ್‌ನ ಕ್ಲೇಟನ್ ಸಿಲ್ವ ಅಲ್ಲಿಗೆ ಹೋಗಿ ನವೆಂಬರ್‌ನಲ್ಲಿ ಒಂದು, ಡಿಸೆಂಬರ್ 30ರ ಮ್ಯಾಚಲ್ಲಿ ಎರಡು, ಹೀಗೆ ನಮ್ಮ ಮೇಲೆ ಈಸ್ಟ್ ಬೆಂಗಾಲ್ ಹೊಡೆದ ಮೂರೂ ಗೋಲು ಅವನೇ ಹೊಡೆದ. ಮುಂದೆ ನಿಂತು ಬಾಲ್ ಹಿಡಿದಿಟ್ಟು ಗೋಲು ಮಾಡೋನು ಟೀಮಿಂದ ಹೋದ್ರೆ ಆ ಜಾಗ ತುಂಬೋಕೆ ಟೈಮ್ ಹಿಡಿಯುತ್ತೆ, ಆ ಟೈಮು ನಮಗೆ ಪೂರ್ತಿ ಮೂರು ತಿಂಗಳಾಯ್ತು.

ಆದ್ರೆ ಒಂದು ವಿಷಯ ಆವಾಗ ಯಾರೂ ಜಾಸ್ತಿ ಮಾತಾಡ್ಲಿಲ್ಲ, ನಾನೂ ಆಮೇಲೆ ಪೆನ್ನು ಹಿಡಿದು ಕೂತಾಗ್ಲೇ ನೋಡಿದ್ದು. ಮೊದಲ 12 ಮ್ಯಾಚಲ್ಲಿ ಬೆಂಗಳೂರು ಮನೇಲಿ ಆಡಿದ್ದು 4, ಹೊರಗೆ ಆಡಿದ್ದು 8. ಚೆನ್ನೈ, ಹೈದರಾಬಾದ್, ಭುವನೇಶ್ವರ, ಮುಂಬೈ, ಗೋವಾ, ಕೊಚ್ಚಿ, ಜೆಮ್‌ಶೆಡ್‌ಪುರ, ಕೋಲ್ಕತ್ತಾ, ಸೂಟ್‌ಕೇಸ್ ಬಿಚ್ಚೋದು ಕಟ್ಟೋದೇ ಕೆಲಸ. ಹಾಗಂದ್ರೆ ಕೊನೆ 8ರಲ್ಲಿ 6 ಮನೇಲಿ ಬಂತು. ಫಿಕ್ಸ್ಚರ್‌ನಲ್ಲಿ ಹೀಗೆ ಒಂದು ಕಡೆ ವಾಲಿದ್ರೆ ಅರ್ಧ ಸೀಸನ್‌ಗೆ ಟೇಬಲ್ ನೋಡಿ ಟೀಮ್ ಹಾಳಾಯ್ತು ಅನ್ನೋದು ತಪ್ಪು. ಹಾಗಂತ ಇದೊಂದೇ ಕಾರಣ ಅಂತಾನೂ ನಾನು ಹೇಳಲ್ಲ, ಯಾಕಂದ್ರೆ ಮನೇಲಿ ಆಡಿದ ಆ ಮೊದಲ 4ರಲ್ಲಿ 3 ಸೋತಿದ್ರು, ಡಿಸೆಂಬರ್ 23ಕ್ಕೆ ಹೈದರಾಬಾದ್ ಕಂಠೀರವಕ್ಕೇ ಬಂದು 3-0 ಹೊಡೆದು ಹೋಯ್ತು. ಸೌಕರ್ಯ ಬಂದಾಗ ಅದನ್ನ ಬಳಸ್ಕೊಳ್ಳೋ ಟೀಮ್ ಇರ್ಬೇಕಲ್ಲ, ಆ ಟೀಮ್ ಜನವರಿಯಲ್ಲಿ ಸಿಕ್ತು.

ಏನು ಬದಲಾಯ್ತು ಅಂತ ಕೇಳಿದ್ರಿ. ನನ್ನ ಪ್ರಕಾರ ದೊಡ್ಡ ಬದಲಾವಣೆ ಮುಂದಿನ ಸಾಲಲ್ಲಿ, ಗೋಲು ಹೊಡೆಯೋ ಜಾಗದಲ್ಲಿ. ಶಿವಶಕ್ತಿ ಅಂತ ತಮಿಳುನಾಡಿನ ಹುಡುಗ, ಆಗ 21 ವಯಸ್ಸು, ಅವನು ರಾಯ್ ಕೃಷ್ಣ ಜೊತೆ ಮುಂದೆ ನಿಂತ. ಸುನಿಲ್ ಛೆಟ್ರಿ, 38 ವಯಸ್ಸು, ದೇಶದ ಕ್ಯಾಪ್ಟನ್, ಕ್ಲಬ್‌ನ ಮುಖವೇ ಆದ ಮನುಷ್ಯ, ಬೆಂಚಲ್ಲಿ ಕೂತ. ಇದು ಎಷ್ಟು ಕಷ್ಟದ ಕೆಲಸ ಅಂತ ನಮ್ಮೂರಲ್ಲಿ ಟೀಮ್ ನಡೆಸಿದವರಿಗೆ ಗೊತ್ತಿರುತ್ತೆ, ಇಲ್ಲಿ ಕುಟುಂಬದ ಹಾಕಿ ಟೀಮಲ್ಲಿ ದೊಡ್ಡಪ್ಪನ್ನ ಹೊರಗೆ ಕೂರಿಸಿ ಹುಡುಗನ್ನ ಇಳಿಸೋಕೆ ಮ್ಯಾನೇಜರ್ ಎಷ್ಟು ಸಲ ನೀರು ಕುಡಿಬೇಕು ಯೋಚನೆ ಮಾಡಿ. ಗ್ರೇಸನ್ ಮಾಡಿದ್ರು, ಛೆಟ್ರಿ ಒಪ್ಪಿದ್ರು, ಕೊನೆ ಅರ್ಧ ಗಂಟೆ ಇಪ್ಪತ್ತು ನಿಮಿಷ ಬಂದು ಆಟ ಕೆಡಿಸದೆ ಮುಗಿಸಿ ಕೊಟ್ರು. ನನಗೆ ಛೆಟ್ರಿ ಮೇಲೆ ಗೌರವ ಇದ್ದಿದ್ದೇ, ಆ ಎರಡು ತಿಂಗಳಲ್ಲಿ ಇನ್ನೂ ಜಾಸ್ತಿ ಆಯ್ತು.

ಶಿವಶಕ್ತಿ ಏನ್ ಮಾಡ್ತಿದ್ದ ಅಂದ್ರೆ, ಓಡ್ತಿದ್ದ. ಸುಮ್ನೆ ಓಡೋದಲ್ಲ, ಎದುರು ಟೀಮಿನ ಡಿಫೆಂಡರ್ ಬಾಲ್ ಮುಟ್ಟಿದ ಕೂಡ್ಲೇ ಅವನ ಹೆಗಲಿಗೆ ಹೋಗಿ ನಿಲ್ಲೋದು, ಆಮೇಲೆ ಡಿಫೆನ್ಸ್ ಲೈನ್ ಹಿಂದಕ್ಕೆ ಓಡೋದು. ಅದರಿಂದ ಎದುರಿನವರು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ತಿದ್ರು, ಮಧ್ಯದಲ್ಲಿ ಜಾಗ ಬಿಡ್ತಿತ್ತು, ಆ ಜಾಗದಲ್ಲಿ ಹಾವಿ ಹೆರ್ನಾಂಡೆಸ್ ನಿಂತು ಆರಾಮಾಗಿ ಪಾಸ್ ಹಾಕ್ತಿದ್ದ. ಮೊದಲ ಅರ್ಧ ಸೀಸನ್‌ನಲ್ಲಿ ಹಾವಿಗೆ ಬಾಲ್ ಸಿಕ್ತಿತ್ತು, ಆದ್ರೆ ಜಾಗ ಸಿಗ್ತಿರ್ಲಿಲ್ಲ. ಹಿಂದೆ ಮೂರು ಜನ ಸ್ಟಾಪರ್, ಅಂದ್ರೆ ನಡುವಿನ ಡಿಫೆಂಡರ್, ಅದರಲ್ಲಿ ಜಿಂಗಾನ್ ಒಬ್ಬ, ಮುಂದೆ ಬಂದು ಟ್ಯಾಕಲ್ ಮಾಡೋಕೆ ಅವನಿಗೆ ಧೈರ್ಯ ಬಂದಿದ್ದು ಪಕ್ಕದಲ್ಲಿ ಇನ್ನಿಬ್ಬರು ಇದ್ದಿದ್ದಕ್ಕೆ. ಎಡಗಡೆ ರೋಶನ್ ಸಿಂಗ್, ಬಲಗಡೆ ಪ್ರಬೀರ್ ದಾಸ್, ಲೈನ್ ಉದ್ದಕ್ಕೂ ಮೇಲೆ ಕೆಳಗೆ. ರೋಶನ್ ಕಾರ್ನರ್ ಹೊಡೆದ್ರೆ ಪ್ರತಿ ಸಲ ಏನೋ ಆಗುತ್ತೆ ಅನ್ನೋ ಹಾಗೆ ಇತ್ತು. ಮಧ್ಯದಲ್ಲಿ ಸುರೇಶ್ ವಾಂಗ್‌ಜಾಮ್, ರೋಹಿತ್ ಕುಮಾರ್, ಹೆಸರು ಜಾಸ್ತಿ ಯಾರೂ ಹೇಳಲ್ಲ, ಆದ್ರೆ ಬಿದ್ದ ಬಾಲ್ ಎಲ್ಲ ಹೆಕ್ಕಿ ಕೊಡ್ತಿದ್ದವರು ಇವರೇ.

ಜನವರಿ 6ಕ್ಕೆ ಗುವಾಹಟಿಯಲ್ಲಿ ನಾರ್ತ್‌ಈಸ್ಟ್ ಮೇಲೆ 2-1. ಇದನ್ನ ಜಾಸ್ತಿ ಹೊಗಳಲ್ಲ, ನಾರ್ತ್‌ಈಸ್ಟ್ ಆ ವರ್ಷ ಇಡೀ ಸೀಸನ್‌ಗೆ 5 ಪಾಯಿಂಟ್ ಮಾಡಿದ ಟೀಮು. ಆಮೇಲೆ ಕಂಠೀರವದಲ್ಲಿ ಒಡಿಶಾಗೆ 3-1, ಜೆಮ್‌ಶೆಡ್‌ಪುರಕ್ಕೆ 3-0, ಚೆನ್ನೈಯಿನ್‌ಗೆ 3-1. ಫೆಬ್ರವರಿ 5ಕ್ಕೆ ಕೋಲ್ಕತ್ತಾದಲ್ಲಿ ಮೋಹನ್ ಬಗಾನ್‌ಗೆ 2-1. ಫೆಬ್ರವರಿ 11ಕ್ಕೆ, ಇದನ್ನ ನಿಮ್ಮ ಭಾವನಿಗೆ ನೆನಪು ಮಾಡಿ, ಕಂಠೀರವದಲ್ಲಿ ಬ್ಲಾಸ್ಟರ್ಸ್‌ಗೆ 1-0, ರಾಯ್ ಕೃಷ್ಣ ಗೋಲು, ಅದರಲ್ಲಿ ಯಾರ ತಕರಾರೂ ಇಲ್ಲ. ನಾಲ್ಕೇ ದಿನಕ್ಕೆ ಫೆಬ್ರವರಿ 15, ಮುಂಬೈ ಸಿಟಿ. ಅವರು 18 ಮ್ಯಾಚ್ ಸೋತೇ ಇರ್ಲಿಲ್ಲ, ಟೇಬಲ್‌ನಲ್ಲಿ ಮೊದಲು ಬಂದವರಿಗೆ ಕೊಡೋ ಲೀಗ್ ಶೀಲ್ಡ್ ಆಗ್ಲೇ ಗೆದ್ದು ಬಂದಿದ್ರು, ನವೆಂಬರ್‌ನಲ್ಲಿ ನಮಗೆ 4 ಹೊಡೆದವರು. ಅವರನ್ನ 2-1ಕ್ಕೆ ಸೋಲಿಸಿದ್ರು. ನನ್ನ ಕೇಳಿದ್ರೆ ಆ ಸೀಸನ್ನಿನ ಅತಿ ಒಳ್ಳೆ ಆಟ ಅದೇ, ಸಿಕ್ಕಿದ್ರೆ ಪೂರ್ತಿ 90 ನಿಮಿಷ ಕೂತು ನೋಡಿ. ಕೊನೇಲಿ ಫೆಬ್ರವರಿ 23ಕ್ಕೆ ಗೋವಾಗೆ 3-1.

ಇಲ್ಲಿ ಒಂದು ರೂಲ್ ಹೇಳ್ಬೇಕು, ಇದು ಗೊತ್ತಿಲ್ದೆ ಫ್ರೀ ಕಿಕ್ ಕಥೆ ಪೂರ್ತಿ ಆಗಲ್ಲ. ಆ ವರ್ಷದಿಂದ ಪ್ಲೇಆಫ್‌ಗೆ 6 ಟೀಮು. ಮೊದಲ ಎರಡು ನೇರ ಸೆಮಿಗೆ, 3ರಿಂದ 6ರವರೆಗೆ ಒಂದೊಂದೇ ನಾಕೌಟ್ ಮ್ಯಾಚು, ಅದೂ ಟೇಬಲ್‌ನಲ್ಲಿ ಮೇಲಿದ್ದವರ ಗ್ರೌಂಡಲ್ಲಿ. ಬೆಂಗಳೂರು 4, ಬ್ಲಾಸ್ಟರ್ಸ್ 5. ಫೆಬ್ರವರಿ 11ರ ಆ 1-0 ಉಲ್ಟಾ ಆಗಿದ್ರೆ ಲೆಕ್ಕ ಮಾಡಿ ನೋಡಿ, ಬೆಂಗಳೂರಿಗೆ 31, ಬ್ಲಾಸ್ಟರ್ಸ್‌ಗೆ 34, ಮ್ಯಾಚ್ ಕೊಚ್ಚಿಗೆ ಹೋಗ್ತಿತ್ತು. ಕಂಠೀರವದಲ್ಲಿ ಆಡೋ ಹಕ್ಕನ್ನ ಆ ಎಂಟು ಗೆಲುವಿನಿಂದ ಸಂಪಾದಿಸಿದ್ದು, ಯಾರೂ ಕೊಟ್ಟಿದ್ದಲ್ಲ.

ಈಗ ಫ್ರೀ ಕಿಕ್. 90 ನಿಮಿಷ 0-0, ಎಕ್ಸ್‌ಟ್ರಾ ಟೈಮ್ ಶುರುವಾಗಿ ಆರು ನಿಮಿಷ, ಬಾಕ್ಸ್ ಹೊರಗೆ ಫೌಲ್ ಸಿಕ್ತು. ಬ್ಲಾಸ್ಟರ್ಸ್ ಗೋಲಿ ಪ್ರಭ್‌ಸುಖನ್ ಗಿಲ್ ಗೋಲಿನ ಬಾಯಿ ಬಿಟ್ಟು ವಾಲ್, ಅಂದ್ರೆ ಬಾಲ್ ತಡೆಯೋ ಆಟಗಾರರ ಸಾಲು, ನಿಲ್ಲಿಸ್ತಾ ಇದ್ದ, ಛೆಟ್ರಿ ಬಾಲ್ ಎತ್ತಿ ಖಾಲಿ ಗೋಲಿಗೆ ಹಾಕಿದ್ರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಅಂದ್ರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನ ವಾಪಸ್ ಕರೆದ್ರು, ಟೀಮು ಗ್ರೌಂಡ್ ಬಿಟ್ಟು ಹೋಯ್ತು, ಮತ್ತೆ ಬರ್ಲಿಲ್ಲ.

ನಾನು ಇಲ್ಲಿನ ಟೂರ್ನಿಗಳಲ್ಲಿ ಎಷ್ಟೋ ವರ್ಷ ವಿಸಲ್ ಹಿಡಿದು ಓಡಿದವನು, ಆಟದ ನಿಯಮದ ಪುಸ್ತಕ ಇಟ್ಕೊಂಡೇ ಹೇಳ್ತೀನಿ. ಫ್ರೀ ಕಿಕ್‌ಗೆ ವಿಸಲ್ ಕಡ್ಡಾಯ ಅಲ್ಲ. ಫೌಲ್ ಆದ ಟೀಮಿಗೆ ನ್ಯಾಯ ಸಿಗ್ಬೇಕು ಅಂತ ಫ್ರೀ ಕಿಕ್ ಕೊಡೋದು, ತಪ್ಪು ಮಾಡಿದವರಿಗೆ ಸಾವಧಾನವಾಗಿ ವಾಲ್ ಕಟ್ಟೋಕೆ ಟೈಮ್ ಕೊಡೋದು ಅದರ ಉದ್ದೇಶ ಅಲ್ಲ. ಬಾಲ್ ನಿಂತಿರ್ಬೇಕು, ಜಾಗ ಸರಿ ಇರ್ಬೇಕು, ಹೊಡೀಬಹುದು. ಎದುರಿನವರು 9.15 ಮೀಟರ್ ದೂರ ಇರ್ಬೇಕು ಅನ್ನೋದು ಅವರ ಜವಾಬ್ದಾರಿ, ಹೊಡೆಯೋನು ಅದನ್ನ ಕಾಯ್ಬೇಕಿಲ್ಲ. ವಿಸಲ್‌ಗೆ ಕಾಯಲೇಬೇಕಾದ್ದು ಯಾವಾಗ ಅಂದ್ರೆ, ರೆಫ್ರಿ ಕಾರ್ಡ್ ತೆಗೆದಾಗ, ಗಾಯ ಆದವರನ್ನ ನೋಡೋವಾಗ, ಆಟಗಾರರನ್ನ ಬದಲಾಯಿಸೋವಾಗ, ಇಲ್ಲಾ ಹೊಡೆಯೋ ಟೀಮೇ ದೂರ ಸರಿಸಿಕೊಡಿ ಅಂತ ಕೇಳಿ ರೆಫ್ರಿ ಅದಕ್ಕೆ ಇಳಿದಾಗ.

ಬ್ಲಾಸ್ಟರ್ಸ್ ವಾದ ನಿಂತಿದ್ದೇ ಈ ಕೊನೇ ಮಾತಿನ ಮೇಲೆ, ರೆಫ್ರಿ ಮಧ್ಯೆ ಬಂದಿದ್ರು, ಹಾಗಾಗಿ ವಿಸಲ್ ಬೇಕಿತ್ತು ಅಂತ. ಛೆಟ್ರಿ ಮ್ಯಾಚ್ ಮುಗಿದ ಮೇಲೆ ಹೇಳಿದ್ದು, ನನಗೆ ವಿಸಲ್ಲೂ ಬೇಡ ವಾಲೂ ಬೇಡ ಅಂತ ರೆಫ್ರಿಗೆ ಹೇಳಿದ್ದೆ, ಮೊದಲ ಸಲ ಹೊಡೆಯೋಕೆ ಹೋದಾಗ ಬ್ಲಾಸ್ಟರ್ಸ್‌ನ ಆಡ್ರಿಯನ್ ಲೂನಾ ಅಡ್ಡ ಬಂದ ಅಂತ. ಇದು ಯೋಚನೆ ಮಾಡ್ಬೇಕಾದ ವಿಷಯ, ಲೂನಾ ಬಾಲ್ ಹತ್ರ ನಿಂತು ತಡೆದ ಅಂದ್ರೆ ಅವನಿಗೂ ಗೊತ್ತಿತ್ತು ಛೆಟ್ರಿ ಬೇಗ ಹೊಡೀತಾನೆ ಅಂತ. ಗೊತ್ತಿದ್ದ ಮೇಲೆ ಗೋಲಿ ಯಾಕೆ ಜಾಗ ಬಿಡ್ಬೇಕಿತ್ತು? ಬ್ಲಾಸ್ಟರ್ಸ್ ಕೊಟ್ಟ ದೂರನ್ನ ಭಾರತದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್‌ನ ಶಿಸ್ತು ಸಮಿತಿ ತಳ್ಳಿಹಾಕ್ತು. ಗ್ರೌಂಡ್ ಬಿಟ್ಟು ಹೋಗಿದ್ದಕ್ಕೆ ಕ್ಲಬ್‌ಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ, 5 ಲಕ್ಷ ದಂಡ.

ನಿಮ್ಮ ಅಜ್ಜನಿಗೆ ಇದನ್ನ ಹಾಕಿ ಭಾಷೇಲಿ ಹೇಳಿ, ತಕ್ಷಣ ಒಪ್ತಾರೆ. ಅವರ ಕಾಲದಲ್ಲಿ ಫ್ರೀ ಹಿಟ್ ಅಂದ್ರೆ ಇನ್ನೊಬ್ಬನಿಗೆ ಹೊಡೀಬೇಕಿತ್ತು. 2009ರಲ್ಲಿ ಸೆಲ್ಫ್ ಪಾಸ್ ಬಂತು, ಫೌಲ್ ಆದವನೇ ಬಾಲ್ ನಿಲ್ಲಿಸಿ ತಾನೇ ಎಳ್ಕೊಂಡು ಓಡ್ಬಹುದು, ಅಂಪೈರ್ ಇನ್ನೊಂದು ವಿಸಲ್ ಹೊಡೆಯಲ್ಲ. ಅದೇ ಮಾರ್ಚ್ ತಿಂಗಳಲ್ಲಿ ನಾಪೋಕ್ಲುವಿನಲ್ಲಿ ಕೊಡವ ಕುಟುಂಬಗಳ ಅಪ್ಪಚೆಟ್ಟೋಳಂಡ ಕಪ್ ಹಾಕಿ ನಡೀತಿತ್ತು, ಅಲ್ಲಿ ಬರೋ ಹುಡುಗರೆಲ್ಲ ಫೌಲ್ ಸಿಕ್ಕಿದ ಕೂಡ್ಲೇ ತಲೆ ಎತ್ತದೆ ಓಡ್ತಾರೆ, ಗ್ಯಾಲರಿಯಲ್ಲಿ ಕೂತ ಒಬ್ಬ ಅಜ್ಜನೂ ಅದನ್ನ ಕಳ್ಳತನ ಅನ್ನಲ್ಲ. ಎರಡೂ ಆಟದಲ್ಲಿ ಯೋಚನೆ ಒಂದೇ, ಫೌಲ್ ಮಾಡಿದವನಿಗೆ ಅದರಿಂದ ಲಾಭ ಆಗಬಾರದು.

ಒಂದು ಸಲ ಮಳೆಗಾಲದಲ್ಲಿ ಒಂದು ಎಸ್ಟೇಟ್ ಗ್ರೌಂಡಲ್ಲಿ ನನ್ನ ಮುಂದೇನೇ ಹೀಗಾಗಿತ್ತು. ಗೋಲಿ ಪೋಸ್ಟ್ ಹತ್ರ ಕೂತು ಕೆಸರು ಹತ್ತಿದ ಬೂಟ್ ಲೇಸ್ ಕಟ್ತಾ ಇದ್ದ, ಹುಡುಗ ಹೊಡೆದ, ಬಾಲ್ ಕೆಸರಲ್ಲಿ ಉರುಳಿ ಉರುಳಿ ಗೆರೆ ದಾಟ್ತು. ನಾನು ಗೋಲು ಕೊಟ್ಟೆ. ಸುತ್ತ ನಿಂತ ಜನ ಛತ್ರಿ ಮಡಿಚಿ ಒಳಗೇ ಬಂದ್ರು, ಹತ್ತು ನಿಮಿಷ ಆಟ ನಿಂತು ಹೋಯ್ತು. ಆದ್ರೆ ಸೋಲ್ತಿದ್ದ ಟೀಮಿನ ಕ್ಯಾಪ್ಟನ್, ಲೈನ್ ಮನೆ ಹುಡುಗ, ತನ್ನವರನ್ನೆಲ್ಲ ವಾಪಸ್ ಕರ್ಕೊಂಡು ಹೋಗಿ ಸೆಂಟರ್‌ಗೆ ಬಾಲ್ ಇಟ್ಟ. ಇನ್ನೂ ಟೈಮ್ ಇದೆ ಸರ್, ವಿಸಲ್ ಹೊಡೀರಿ ಅಂದ. ಅವತ್ತಿನ ಅವನ ಮುಖ ನನಗೆ ಕಂಠೀರವದ ಆ ರಾತ್ರಿ ನೆನಪಾಯ್ತು. ಬ್ಲಾಸ್ಟರ್ಸ್‌ಗೆ ಇನ್ನೂ 20 ನಿಮಿಷದ ಮೇಲೆ ಇತ್ತು, ಲೂನಾ ಇದ್ದ, ಡಯಾಮಂಟಕೋಸ್ ಇದ್ದ, ಒಂದು ಗೋಲು ಅಂಥ ಟೀಮಿಗೆ ದೊಡ್ಡದೇನಲ್ಲ. ಗೋಲು ತಪ್ಪು ಅಂತಾನೇ ಇಟ್ಕೊಳ್ಳಿ, ಆದ್ರೂ ಆ 20 ನಿಮಿಷನ ಬಿಟ್ಟುಕೊಟ್ಟಿದ್ದು ರೆಫ್ರಿ ಅಲ್ಲ. ಬಸ್ಸಲ್ಲಿ ರಾತ್ರಿಯೆಲ್ಲ ಕೂತು ಬಂದು ಹಳದಿ ಜೆರ್ಸಿ ಹಾಕಿ ನಿಂತಿದ್ದ ಆ ಹುಡುಗರ ಬಗ್ಗೆ ನನಗೆ ತುಂಬಾ ಬೇಜಾರಾಯ್ತು, ಅದರಲ್ಲಿ ನಮ್ಮ ವಿರಾಜಪೇಟೆ, ಸಿದ್ದಾಪುರ ಕಡೆಯವರೂ ಇದ್ರು.

ಇನ್ನೊಂದು ವಿಷಯ, ಆ ಮ್ಯಾಚ್ ಗೆದ್ದ ಕೂಡ್ಲೇ ಫೈನಲ್ ಬರ್ಲಿಲ್ಲ. ಮಧ್ಯೆ ಸೆಮಿ ಇತ್ತು, ಅದೂ ಎರಡು ಮ್ಯಾಚು, ಅದೇ ಮುಂಬೈ ಮೇಲೆ. ಮಾರ್ಚ್ 7ಕ್ಕೆ ಮುಂಬೈನಲ್ಲಿ ಛೆಟ್ರಿ ಬೆಂಚಿಂದ ಬಂದು ಕಾರ್ನರ್‌ಗೆ ತಲೆ ಕೊಟ್ಟು 1-0. ಮಾರ್ಚ್ 12ಕ್ಕೆ ಕಂಠೀರವದಲ್ಲಿ ಶುರುವಲ್ಲೇ ಮುಂಬೈಗೆ ಪೆನಾಲ್ಟಿ, ಗ್ರೆಗ್ ಸ್ಟುವರ್ಟ್ ಹೊಡೆದಿದ್ದನ್ನ ನಮ್ಮ ಗೋಲಿ ಗುರ್‌ಪ್ರೀತ್ ತಡೆದ. ಹಾವಿ ಒಂದು ಗೋಲು, ಆಮೇಲೆ ಬಿಪಿನ್ ಸಿಂಗ್, ಮೆಹ್ತಾಬ್ ಸಿಂಗ್ ಹೊಡೆದು ಮುಂಬೈ 2-1. ಒಟ್ಟು 2-2, ಶೂಟೌಟ್. ಒಬ್ಬೊಬ್ಬರಾಗಿ ಹೊಡೀತಾನೇ ಹೋದ್ರು, 8-8 ಆಯ್ತು, ಮುಂಬೈನ ಒಂಬತ್ತನೇ ಕಿಕ್ ಮೆಹ್ತಾಬ್‌ದು, ಅದನ್ನ ಗುರ್‌ಪ್ರೀತ್ ತಡೆದ, ಜಿಂಗಾನ್ ಹೊಡೆದು 9-8. ಲೀಗ್‌ನಲ್ಲಿ ನಂಬರ್ ಒನ್ ಆದ ಟೀಮನ್ನ ಹೀಗೆ ದಾಟಿ ಫೈನಲ್‌ಗೆ ಹೋದವರನ್ನ ಒಂದು ಫ್ರೀ ಕಿಕ್‌ನಿಂದ ಹೋದ್ರು ಅಂದ್ರೆ ಅದು ಗುರ್‌ಪ್ರೀತ್‌ಗೂ ಅನ್ಯಾಯ, ಜಿಂಗಾನ್‌ಗೂ ಅನ್ಯಾಯ.

ಫೈನಲ್ ಮಾರ್ಚ್ 18, ಗೋವಾದ ಫಟೋರ್ಡಾ, ಎದುರಿಗೆ ಎಟಿಕೆ ಮೋಹನ್ ಬಗಾನ್. ಶುರುವಾಗಿ ಸ್ವಲ್ಪ ಹೊತ್ತಿಗೇ ಶಿವಶಕ್ತಿಗೆ ಪೆಟ್ಟು ಬಿದ್ದು ಹೊರಗೆ ಹೋದ, ಆ ಎಂಟು ಗೆಲುವಿನ ಆಟ ಅಲ್ಲೇ ಅರ್ಧ ಕೈ ಬಿಟ್ಟು ಹೋಯ್ತು ಅಂತ ನನಗೆ ಅನ್ಸುತ್ತೆ. ರಾಯ್ ಕೃಷ್ಣ ಕೈಗೆ ಬಾಲ್ ತಾಗಿ ಪೆನಾಲ್ಟಿ, ಪೆಟ್ರಟೋಸ್ ಗೋಲು. ಹಾಫ್ ಟೈಮ್‌ಗೆ ಮುಂಚೆ ಛೆಟ್ರಿ ಪೆನಾಲ್ಟಿಯಿಂದ 1-1. 78ನೇ ನಿಮಿಷದಲ್ಲಿ ಅದೇ ರಾಯ್ ಕೃಷ್ಣ, ತನ್ನ ಹಳೇ ಕ್ಲಬ್ ಮೇಲೆ, 2-1. ಇನ್ನು ಹತ್ತು ಹನ್ನೆರಡು ನಿಮಿಷ ಹಿಡ್ಕೊಂಡಿದ್ರೆ ಸಾಕಿತ್ತು. 85ಕ್ಕೆ ಇನ್ನೊಂದು ಪೆನಾಲ್ಟಿ, ಪೆಟ್ರಟೋಸ್ ಮತ್ತೆ, 2-2. ಶೂಟೌಟ್‌ನಲ್ಲಿ ಬ್ರೂನೋ ಹೊಡೆದಿದ್ದನ್ನ ವಿಶಾಲ್ ಕೈತ್ ತಡೆದ, ಪಾಬ್ಲೋ ಪೆರೆಸ್ ಹೊಡೆದಿದ್ದು ಬಾರ್ ಮೇಲೆ ಹೋಯ್ತು, 3-4. ಆರು ದಿನದ ಹಿಂದೆ ಒಂಬತ್ತಕ್ಕೆ ಒಂಬತ್ತು ಹೊಡೆದವರು.

ಅದಾಗಿ ತಿಂಗಳೊಳಗೆ, ಏಪ್ರಿಲ್ 16ಕ್ಕೆ, ಸೂಪರ್ ಕಪ್‌ನಲ್ಲಿ ಬೆಂಗಳೂರು, ಬ್ಲಾಸ್ಟರ್ಸ್ ಮತ್ತೆ ಎದುರಾದ್ರು, ಕಲ್ಲಿಕೋಟೆಯಲ್ಲಿ. ನಾವು ನಾಲ್ಕು ಜನ ಜೀಪಲ್ಲಿ ಕುಟ್ಟ ದಾಟಿ ಮಾನಂದವಾಡಿ ಮೇಲೆ ಘಾಟಿ ಇಳಿದು ಹೋಗಿದ್ವಿ, ಇಬ್ಬರು ನೀಲಿ ಜೆರ್ಸಿ, ಇಬ್ಬರು ಹಳದಿ. ಸ್ಟೇಡಿಯಂ ಪೂರ್ತಿ ಅವರದ್ದೇ ಕೂಗು, ಛೆಟ್ರಿ ಹೆಸರು ಕೇಳಿದ್ರೆ ಕಿವಿ ಹೋಗೋ ಹಾಗೆ. ರಾಯ್ ಕೃಷ್ಣ ಹೊಡೆದ, ಡಯಾಮಂಟಕೋಸ್ ಸಮ ಮಾಡಿದ, 1-1, ಪೂರ್ತಿ 90 ನಿಮಿಷ ನಡೀತು. ಬೆಂಗಳೂರು ಅಲ್ಲೂ ಫೈನಲ್‌ಗೆ ಹೋಗಿ ಏಪ್ರಿಲ್ 25ಕ್ಕೆ ಒಡಿಶಾಗೆ 1-2 ಸೋಲ್ತು. ಒಂದೇ ಸೀಸನ್‌ನಲ್ಲಿ ಮೂರು ಫೈನಲ್, ಒಂದು ಕಪ್. ಭಾವನಿಗೆ ಇದನ್ನ ಓದಿ ಹೇಳಿ, ಆಮೇಲೂ ಅವರು ಒಪ್ಪದಿದ್ರೆ ಫೆಬ್ರವರಿ 15ರ ಮುಂಬೈ ಮ್ಯಾಚ್ ಒಟ್ಟಿಗೆ ಕೂತು ನೋಡಿ, ಅಜ್ಜನನ್ನೂ ಕೂರಿಸ್ಕೊಳ್ಳಿ, ಶಿವಶಕ್ತಿ ಬಾಲ್ ಇಲ್ದಾಗ ಎಲ್ಲಿ ಓಡ್ತಾನೆ ಅನ್ನೋದನ್ನ ಮಾತ್ರ ನೋಡೋಕೆ ಹೇಳಿ.